ಸಿಲಿಂಡರಿನಲ್ಲಿ ಭೋರೆಂದು ಉರಿಯುವ ಗ್ರಿಲ್ ಮೋಟರ್‌ಹೋಮ್‌ನ ಗ್ಯಾಸಿನಲ್ಲಿ ಸೊರಗುವುದೇಕೆ?

ಪ್ರಶ್ನೆ: ನಮ್ಮ ಮೋಟರ್‌ಹೋಮ್‌ನ, ಅಂದರೆ ಒಳಗೇ ವಾಸಿಸುವಂತೆ ಅಡುಗೆಮನೆ, ಮಲಗುವ ಜಾಗ ಎಲ್ಲ ಇರುವ ವಾಹನದ, ಹೊರಮೈಯಲ್ಲಿ, ಬಾಗಿಲಿನ ಪಕ್ಕದಲ್ಲೇ, ಗ್ಯಾಸಿನ ಒಂದು ಕ್ವಿಕ್ ಕನೆಕ್ಟ್ (ಹೋಸನ್ನು ಒತ್ತಿ ಸಿಕ್ಕಿಸಬಹುದಾದ ಬಾಯಿ) ಇದೆ. ಒಂದು ಪೌಂಡಿನ ಬಿಸಾಡುವ ಸಿಲಿಂಡರಿನಲ್ಲಿ ಚೆನ್ನಾಗಿ ಉರಿಯುತ್ತಿದ್ದ ನಮ್ಮ ಚಿಕ್ಕ ಗ್ರಿಲ್ಲನ್ನು ಹೋಸ್ ಮತ್ತು ಅಡಾಪ್ಟರ್ ತಂದು ಅದಕ್ಕೆ ಜೋಡಿಸಿದೆವು. ಉರಿ ಹತ್ತಿತು, ಆದರೆ ಮೇಣದ ಬತ್ತಿಯಷ್ಟೇ. ಅರ್ಧ ಗಂಟೆಯಾದರೂ ತಟ್ಟೆ ಸರಿಯಾಗಿ ಕಾಯಲಿಲ್ಲ. ವಾಹನದ ರೆಗ್ಯುಲೇಟರಿನ ಒತ್ತಡವನ್ನು ಸ್ವಲ್ಪ ಏರಿಸಿಕೊಳ್ಳಿ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಗ್ರಿಲ್ಲಿನ ರೆಗ್ಯುಲೇಟರನ್ನೇ ಕಿತ್ತುಹಾಕಿ ಎಂದು ಇನ್ನೊಬ್ಬರು. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಗ್ರಿಲ್ಲಿನಲ್ಲಾಗಲಿ ವಾಹನದಲ್ಲಾಗಲಿ ಯಾವ ದೋಷವೂ ಇರುವಂತೆ ಕಾಣುವುದಿಲ್ಲ. ಗ್ಯಾಸ್ ಹರಿಯುವ ಒಂದೇ ದಾರಿಯಲ್ಲಿ ಎರಡು ರೆಗ್ಯುಲೇಟರ್‌ಗಳು ಒಂದರ ಹಿಂದೆ ಒಂದು ಕುಳಿತಿವೆ, ಅಷ್ಟೆ. ವಾಹನದ ರೆಗ್ಯುಲೇಟರ್ ಈಗಾಗಲೇ ಇಳಿಸಿ ಕಳಿಸಿದ ಗ್ಯಾಸನ್ನು ಗ್ರಿಲ್ಲಿನ ರೆಗ್ಯುಲೇಟರ್ ಮತ್ತೊಮ್ಮೆ ತಡೆದು ನಿಲ್ಲಿಸುತ್ತಿದೆ. ಮೊದಲನೆಯ ಸಲಹೆಯನ್ನು, ಅಂದರೆ ವಾಹನದ ರೆಗ್ಯುಲೇಟರನ್ನು ಏರಿಸುವ ಮಾತನ್ನು, ಇವತ್ತೇ ಮರೆತುಬಿಡಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಎರಡನೆಯ ಸಲಹೆ ಸರಿಯೋ ತಪ್ಪೋ ಎಂಬುದನ್ನು ನಿಮ್ಮ ಗ್ರಿಲ್ ಎಂಥದು ಎಂದು ನೋಡಿದ ಮೇಲಷ್ಟೇ ಹೇಳಬಹುದು.

ಟ್ಯಾಂಕಿನೊಳಗೆ ಈ ಗ್ಯಾಸ್, ಅಂದರೆ ಪ್ರೊಪೇನ್, ದ್ರವರೂಪದಲ್ಲಿ ಇರುತ್ತದೆ. ಅದರ ಮೇಲಿನ ಜಾಗದಲ್ಲಿ ತುಂಬಿಕೊಂಡಿರುವ ಆವಿಯ ಒತ್ತಡ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಟ್ಯಾಂಕಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಎಂಬುದಲ್ಲ, ಅದು ಎಷ್ಟು ಬಿಸಿಯಾಗಿದೆ ಎಂಬುದು. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಒತ್ತಡ ಸುಮಾರು 110 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ). ಟ್ಯಾಂಕು 38 ಡಿಗ್ರಿಗೆ ಕಾದರೆ 170ನ್ನು ದಾಟುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ 55ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟೊಂದು ಏರಿಳಿಯುವ ಒತ್ತಡವನ್ನು ನೇರವಾಗಿ ಒಲೆಗೆ ಕೊಡಲಾಗದು. ಆದ್ದರಿಂದ ಮೋಟರ್‌ಹೋಮ್‌ನಲ್ಲಿ ಟ್ಯಾಂಕಿನ ಮಗ್ಗುಲಿನಲ್ಲೇ ಎರಡು ಹಂತದ ರೆಗ್ಯುಲೇಟರ್ ಇರುತ್ತದೆ. ಮೊದಲ ಹಂತ ಒತ್ತಡವನ್ನು ಸುಮಾರು 10ರಿಂದ 15 ಪಿಎಸ್‌ಐಗೆ ಇಳಿಸಿದರೆ, ಎರಡನೆಯ ಹಂತ ಅದನ್ನು ನೀರಿನ ಕಂಬದ 11 ಅಂಗುಲಕ್ಕೆ ತಂದು ನಿಲ್ಲಿಸುತ್ತದೆ. 11 ಅಂಗುಲ ಎಂದರೆ, ಯು ಆಕಾರದ ಕೊಳವೆಯಲ್ಲಿ ನೀರು ತುಂಬಿ ಒಂದು ತುದಿಗೆ ಗ್ಯಾಸನ್ನು ಬಿಟ್ಟಾಗ ಎರಡೂ ಕಡೆಯ ನೀರಿನ ಮಟ್ಟದ ನಡುವೆ 11 ಅಂಗುಲದ ಅಂತರ ಉಂಟುಮಾಡುವಷ್ಟು ಒತ್ತಡ. ಪಿಎಸ್‌ಐ ಲೆಕ್ಕದಲ್ಲಿ ಅದು ಬರೀ 0.4. ವಾಹನದೊಳಗಿನ ಒಲೆ, ನೀರು ಕಾಯಿಸುವ ಹೀಟರ್, ಫ್ರಿಜ್ಜು, ಒಳಗನ್ನು ಬೆಚ್ಚಗಿಡುವ ಫರ್ನೇಸ್ ಎಲ್ಲವೂ ಈ ಒತ್ತಡಕ್ಕೆಂದೇ ತಯಾರಾದವು; ನಿಮ್ಮ ಬಾಗಿಲಿನ ಪಕ್ಕದ ಕ್ವಿಕ್ ಕನೆಕ್ಟ್‌ನಲ್ಲಿ ಸಿಗುವುದೂ ಇದೇ ಒತ್ತಡ.

ಈಗ ಗ್ರಿಲ್ಲಿನ ಕಡೆಗೆ ಬನ್ನಿ. ಒಂದು ಪೌಂಡಿನ ಸಿಲಿಂಡರಿನಲ್ಲಿ ಯಾವ ರೆಗ್ಯುಲೇಟರೂ ಇಲ್ಲ. ಅದರ ಬಾಯಲ್ಲಿ ಇರುವುದು ಒಂದು ಪುಟ್ಟ ಸ್ಪ್ರಿಂಗ್ ವಾಲ್ವ್ ಮಾತ್ರ. ಟ್ಯಾಂಕಿನ ಒತ್ತಡ ಎಷ್ಟೋ ಈ ಡಬ್ಬದ ಒತ್ತಡವೂ ಅಷ್ಟೇ. ಆದ್ದರಿಂದ ಅದನ್ನು ಇಳಿಸಿಕೊಳ್ಳುವ ಹೊಣೆ ಗ್ರಿಲ್ಲಿನದೇ ಆಗಿರುತ್ತದೆ. ಹಳೆಯ ಗ್ರಿಲ್ಲೊಂದರ ರೆಗ್ಯುಲೇಟರನ್ನು ಒಮ್ಮೆ ಮೇಜಿನ ಮೇಲಿಟ್ಟು ಬಿಚ್ಚಿ ನೋಡಿದ್ದೆ. ಅಂಗೈ ಅಗಲದ ರಬ್ಬರ್ ಪೊರೆ, ಅದರ ಬೆನ್ನಿಗೆ ಒಂದು ಮೆತ್ತನೆಯ ಸ್ಪ್ರಿಂಗ್, ಪೊರೆಯ ಚಲನೆಯನ್ನು ವಾಲ್ವಿಗೆ ತಲುಪಿಸುವ ಒಂದು ಸಣ್ಣ ಸನ್ನೆ, ಆ ಸನ್ನೆಯ ತುದಿಯಲ್ಲಿ ಬೇಳೆಕಾಳಿನಷ್ಟು ರಬ್ಬರ್ ತುಂಡು. ಆ ರಬ್ಬರ್ ತುಂಡು ಮುಚ್ಚಿ ತೆರೆಯುವ ರಂಧ್ರವನ್ನು ಬೆಳಕಿಗೆ ಹಿಡಿದು ಹುಡುಕಬೇಕಾಯಿತು. ದಪ್ಪ ಸೂಜಿ ತೂರುವಷ್ಟೇ ಅಗಲ. ಅತ್ತ ಕಡೆಯಿಂದ 100 ಪಿಎಸ್‌ಐ ನೂಕುತ್ತಿದ್ದರೆ ಆ ರಂಧ್ರದಲ್ಲಿ ಬೇಕಾದಷ್ಟು ಗ್ಯಾಸ್ ನುಗ್ಗುತ್ತದೆ. 0.4 ಪಿಎಸ್‌ಐ ಮಾತ್ರ ಇದ್ದರೆ, ರಬ್ಬರ್ ತುಂಡು ಪೂರ್ತಿ ಬಾಯಿ ಬಿಟ್ಟು ಕುಳಿತಿದ್ದರೂ, ಗ್ಯಾಸ್ ತೊಟ್ಟಿಕ್ಕುತ್ತದೆಯೇ ಹೊರತು ಹರಿಯುವುದಿಲ್ಲ. ನೀವು ಕಂಡ ಮೇಣದ ಬತ್ತಿಯ ಉರಿ ಇದರ ಫಲ. ಇಲ್ಲಿ ಇನ್ನೊಂದು ಅಡಾಪ್ಟರ್, ಇನ್ನೂ ದಪ್ಪದ ಹೋಸ್ ಏನು ತಂದರೂ ಪ್ರಯೋಜನವಿಲ್ಲ. ಇಕ್ಕಟ್ಟು ಇರುವುದು ಆ ರಂಧ್ರದಲ್ಲಿ.

ವಾಹನದ ರೆಗ್ಯುಲೇಟರಿನ ಮೇಲ್ಮುಚ್ಚಳ ತೆಗೆದರೆ ಒಳಗೆ ತಿರುಗಿಸಬಹುದಾದ ತಿರುಪು ಇರುವುದು ನಿಜ. ಆದರೆ ಆ ತಿರುಪು ಇರುವುದು ತಂತ್ರಜ್ಞರು ಮಾಪಕ ಜೋಡಿಸಿ, ವಾಹನದ ಉಪಕರಣಗಳಲ್ಲಿ ಸುಮಾರು ಅರ್ಧದಷ್ಟನ್ನು ಉರಿಸಿಟ್ಟು, ಒತ್ತಡವನ್ನು 11 ಅಂಗುಲಕ್ಕೆ ಸರಿಹೊಂದಿಸುವುದಕ್ಕೆ. ಆಮೇಲೆ ಎಲ್ಲವನ್ನೂ ಆರಿಸಿದಾಗ ಒತ್ತಡ ಕೊಂಚ ಏರಿ ನಿಲ್ಲುತ್ತದೆ. ಆ ನಿಲುಗಡೆ 14 ಅಂಗುಲವನ್ನು ಮೀರಬಾರದು. ಗ್ರಿಲ್ಲಿನ ಉರಿ ಸಾಲದೆಂದು ಕಣ್ಣಂದಾಜಿನಲ್ಲಿ ತಿರುಪು ಬಿಗಿಯುತ್ತ ಹೋದರೆ ಗ್ರಿಲ್ಲಿಗೆ ಅದರಿಂದ ಆಗುವ ಲಾಭ ಅತ್ಯಲ್ಪ, ಏಕೆಂದರೆ ಅದಕ್ಕೆ ಬೇಕಾದದ್ದು ಹತ್ತಾರು ಪಟ್ಟು ಹೆಚ್ಚಿನ ಒತ್ತಡ. ಒಳಗಿರುವ ಉಪಕರಣಗಳಿಗೆ ಮಾತ್ರ ಅದು ದೊಡ್ಡ ಹೊಡೆತ. ಅವುಗಳ ವಾಲ್ವುಗಳು ತಾಳುವ ಮಿತಿ ಚಿಕ್ಕದು. ಬರ್ನರಿಗೆ ಲೆಕ್ಕಕ್ಕಿಂತ ಹೆಚ್ಚು ಗ್ಯಾಸ್ ಬಂದರೆ ಗಾಳಿ ಸಾಲದೆ ಉರಿ ಹಳದಿಯಾಗಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಅದೂ ನೀವು ಮಲಗುವ ಜಾಗದಲ್ಲಿ. ಹೊರಗಿನ ಒಂದು ಗ್ರಿಲ್ಲಿಗಾಗಿ ಒಳಗಿನ ನಾಲ್ಕು ಉಪಕರಣಗಳ ಲೆಕ್ಕ ಕೆಡಿಸುವುದನ್ನು ಯಾವ ತಂತ್ರಜ್ಞನೂ ಒಪ್ಪುವುದಿಲ್ಲ. ಹಾಗೆ ತಿರುಗಿಸಿ ಆಗಿದ್ದರೆ, ಮಾಪಕವಿಟ್ಟು ಮತ್ತೆ ಸರಿಮಾಡಿಸುವ ತನಕ ಗ್ಯಾಸಿನ ಉಪಕರಣಗಳನ್ನು ಬಳಸಬೇಡಿ.

ಹಾಗಾದರೆ ಇರುವ ದಾರಿಗಳು ಎರಡು. ಗ್ಯಾಸನ್ನು ವಾಹನದ ರೆಗ್ಯುಲೇಟರಿಗಿಂತ ಮೊದಲೇ, ಟ್ಯಾಂಕಿನ ಪೂರ್ತಿ ಒತ್ತಡದಲ್ಲಿ ತೆಗೆದುಕೊಂಡು ಗ್ರಿಲ್ಲಿನ ರೆಗ್ಯುಲೇಟರಿಗೆ ಕೊಡಬಹುದು. ಇಲ್ಲವೆ ಈಗಿರುವ ಕ್ವಿಕ್ ಕನೆಕ್ಟ್‌ನಿಂದಲೇ ತೆಗೆದುಕೊಂಡು, ಗ್ರಿಲ್ಲಿನ ರೆಗ್ಯುಲೇಟರನ್ನು ದಾರಿಯಿಂದ ಸರಿಸಬಹುದು. ಯಾವುದನ್ನು ಆರಿಸಿಕೊಂಡರೂ ಟ್ಯಾಂಕಿಗೂ ಬರ್ನರಿಗೂ ನಡುವೆ ಒತ್ತಡವನ್ನು ಪೂರ್ತಿ ಇಳಿಸುವ ಘಟಕ ಒಂದೇ ಒಂದು ಇರಬೇಕು. ಎರಡಿದ್ದರೆ ಊಟ ತಡವಾಗುತ್ತದೆ. ಒಂದೂ ಇಲ್ಲದಿದ್ದರೆ ಆಗುವುದೇ ಬೇರೆ.

ಮೊದಲನೆಯ ದಾರಿಗೆ ಬೇಕಾಗುವುದು ಟ್ಯಾಂಕಿನ ವಾಲ್ವ್ ಮತ್ತು ರೆಗ್ಯುಲೇಟರ್ ನಡುವೆ ಕೂರಿಸುವ ಹಿತ್ತಾಳೆಯ ಒಂದು ಟೀ, ಅಂದರೆ ಗ್ಯಾಸಿನ ದಾರಿಯನ್ನು ಕವಲೊಡೆಸುವ ಜೋಡಣೆ. ಮೋಟರ್‌ಹೋಮ್‌ಗಳಲ್ಲಿ ಟ್ಯಾಂಕು ಚಾಸಿಗೇ ಭದ್ರವಾಗಿ ಕೂರಿಸಿದ್ದಾಗಿರುವುದರಿಂದ ಬೇರೊಂದು ಸಿಲಿಂಡರಿನಿಂದ ಗ್ಯಾಸ್ ತೆಗೆದುಕೊಳ್ಳುವ ಅನುಕೂಲಕ್ಕೆಂದು ಇಂಥ ಟೀಗಳನ್ನು ಮಾರುತ್ತಾರೆ. ಅವುಗಳಲ್ಲಿ ಹಲವಕ್ಕೆ ನಾಲ್ಕು ಬಾಯಿಗಳಿರುತ್ತವೆ: ಒಂದು ಟ್ಯಾಂಕಿನ ಕಡೆಗೆ, ಒಂದು ರೆಗ್ಯುಲೇಟರಿನ ಕಡೆಗೆ, ಒಂದು ಹೊರಗಿನ ದೊಡ್ಡ ಸಿಲಿಂಡರಿಗೆ, ಮತ್ತೊಂದು ಒಂದು ಪೌಂಡಿನ ಸಿಲಿಂಡರಿನ ಬಾಯಿಯನ್ನೇ ಹೋಲುವಂಥದು. ಈ ಕೊನೆಯ ಬಾಯಿ ನಿಮ್ಮ ಕೆಲಸಕ್ಕೆ ಬರುವಂಥದು. ಅದಕ್ಕೆ ಹೆಚ್ಚಿನ ಒತ್ತಡದ ಹೋಸಿನ ಒಂದು ತುದಿಯನ್ನು ತಿರುಗಿಸಿ, ಇನ್ನೊಂದು ತುದಿಯನ್ನು ಗ್ರಿಲ್ಲಿನಲ್ಲಿ ಚಿಕ್ಕ ಸಿಲಿಂಡರ್ ಕೂರುತ್ತಿದ್ದ ಜಾಗಕ್ಕೆ ತಿರುಗಿಸಿದರೆ ಮುಗಿಯಿತು. ಗ್ರಿಲ್ಲಿನ ಪಾಲಿಗೆ ಏನೂ ಬದಲಾಗಿಲ್ಲ. ತನ್ನ ಚಿಕ್ಕ ಡಬ್ಬದ ಬದಲು ಎಂದೂ ಮುಗಿಯದ ಡಬ್ಬ ಸಿಕ್ಕಿದೆ ಎಂದಷ್ಟೇ ಅದು ತಿಳಿಯುತ್ತದೆ.

ಈ ದಾರಿಯಲ್ಲಿ ಗ್ರಿಲ್ಲನ್ನು ಬಿಚ್ಚುವ, ತಿದ್ದುವ ಗೋಜೇ ಇಲ್ಲ ಎಂಬುದು ದೊಡ್ಡ ಅನುಕೂಲ. ಯಾವಾಗ ಬೇಕಾದರೂ ಹೋಸ್ ಬಿಚ್ಚಿ ಮತ್ತೆ ಚಿಕ್ಕ ಸಿಲಿಂಡರಿಗೆ ಮರಳಬಹುದು. ಚಳಿಯಲ್ಲಿ ಇನ್ನೊಂದು ಲಾಭವೂ ಉಂಟು. ಚಿಕ್ಕ ಸಿಲಿಂಡರಿನಿಂದ ಎಡೆಬಿಡದೆ ಗ್ಯಾಸ್ ಎಳೆದಾಗ ಒಳಗಿನ ದ್ರವ ಆವಿಯಾಗುತ್ತ ತನ್ನ ಶಾಖವನ್ನೇ ಕಳೆದುಕೊಳ್ಳುತ್ತದೆ, ಡಬ್ಬದ ಮೈಮೇಲೆ ಹಿಮದ ಪದರ ಕಟ್ಟುತ್ತದೆ, ಒತ್ತಡ ಕುಸಿದು ಉರಿ ಬಾಡುತ್ತದೆ. ದೊಡ್ಡ ಟ್ಯಾಂಕಿನಲ್ಲಿ ದ್ರವವೂ ಹೆಚ್ಚು, ಅದು ಹೊರಗಿನ ಶಾಖ ಹೀರಿಕೊಳ್ಳುವ ಮೈಯೂ ಹೆಚ್ಚು. ಅಲ್ಲಿ ಈ ತೊಂದರೆ ಕಾಣಿಸುವುದು ಅಪರೂಪ.

ಅನನುಕೂಲವನ್ನೂ ಹೇಳಬೇಕು. ಹೋಸಿನ ಉದ್ದಕ್ಕೂ ಟ್ಯಾಂಕಿನ ಪೂರ್ತಿ ಒತ್ತಡ ನಿಂತಿರುತ್ತದೆ. ಒಂದೇ ಅಳತೆಯ ತೂತು 11 ಅಂಗುಲದ ಹೋಸಿನಲ್ಲಿ ಬಿದ್ದರೆ ಸೋರುವ ಗ್ಯಾಸಿಗಿಂತ ಇಲ್ಲಿ ಸುಮಾರು 20 ಪಟ್ಟು ಹೆಚ್ಚು ಗ್ಯಾಸ್ ಸೋರುತ್ತದೆ. ಆದ್ದರಿಂದ ಹೋಸಿನ ಮೈಮೇಲೆ ಪ್ರೊಪೇನ್ ಗ್ಯಾಸಿಗೆಂದೂ 350 ಪಿಎಸ್‌ಐ ತಾಳುತ್ತದೆಂದೂ ಮುದ್ರಿತವಾಗಿರಬೇಕು. ಗಾಳಿ ತುಂಬುವ ಕಂಪ್ರೆಸರಿನ ಹೋಸ್ ನೋಡಲು ಹಾಗೆಯೇ ಇರುತ್ತದೆ, ಒತ್ತಡವನ್ನೂ ತಾಳಬಹುದು. ಆದರೆ ಪ್ರೊಪೇನ್ ಅದರ ರಬ್ಬರನ್ನು ಒಳಗಿನಿಂದ ಕೆಡಿಸುತ್ತದೆ. ಹೋಸ್ ಅಗತ್ಯಕ್ಕಿಂತ ಉದ್ದವಾಗಿರದಿರಲಿ. ಜನ ಓಡಾಡುವ ಜಾಗದಲ್ಲಿ ಅಡ್ಡ ಬಿದ್ದಿರುವ ಹೋಸು ಎಡವಿದವರ ಕಾಲಿಗಿಂತ ಗ್ರಿಲ್ಲನ್ನೇ ಮೊದಲು ಉರುಳಿಸುತ್ತದೆ. ಟ್ಯಾಂಕು ನೀವು ಕುಳಿತುಕೊಳ್ಳುವ ಬದಿಗೆ ವಿರುದ್ಧವಾದ ಬದಿಯಲ್ಲಿದ್ದು, ಹೋಸನ್ನು ವಾಹನದ ಕೆಳಗೆ ಎಳೆದು ತರಬೇಕಾದೀತು ಎನ್ನುವಂತಿದ್ದರೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ.

ಎರಡನೆಯ ದಾರಿಯಲ್ಲಿ ಗ್ರಿಲ್ಲಿನ ಪರಿಚಯ ಚೆನ್ನಾಗಿ ಆಗಬೇಕು. ಗ್ರಿಲ್ಲಿನ ಹಿಂಬದಿಯಲ್ಲೋ ತಳದಲ್ಲೋ ಅಂಟಿಸಿರುವ ಚೀಟಿಯಲ್ಲಿ ಬಿಟಿಯು (ಶಾಖದ ಅಳತೆ) ಲೆಕ್ಕದ ಪಕ್ಕದಲ್ಲಿ ಮ್ಯಾನಿಫೋಲ್ಡ್ ಒತ್ತಡ, ಅಂದರೆ ಬರ್ನರಿಗೆ ತಲುಪಬೇಕಾದ ಒತ್ತಡ, ಎಷ್ಟೆಂದು ಬರೆದಿರುತ್ತದೆ. ಅಲ್ಲಿ 11 ಅಂಗುಲ ಎಂದಿದ್ದರೆ, ಗ್ರಿಲ್ಲಿನ ರೆಗ್ಯುಲೇಟರ್ ಮಾಡುತ್ತಿರುವ ಕೆಲಸವನ್ನೇ ನಿಮ್ಮ ವಾಹನದ ರೆಗ್ಯುಲೇಟರ್ ಆಗಲೇ ಮಾಡಿಟ್ಟಿದೆ ಎಂದು ಅರ್ಥ. ಅಂಥ ಗ್ರಿಲ್ಲಿನಲ್ಲಿ ರೆಗ್ಯುಲೇಟರ್ ಬೇರೆಯ ಬಿಡಿಭಾಗವಾಗಿದ್ದು, ಅದರ ನಂತರ ಉರಿಯನ್ನು ಹೆಚ್ಚುಕಡಿಮೆ ಮಾಡುವ ನಾಬ್ ಮತ್ತು ವಾಲ್ವ್ ಪ್ರತ್ಯೇಕವಾಗಿ ಉಳಿಯುವುದಾದರೆ, ರೆಗ್ಯುಲೇಟರನ್ನು ತೆಗೆದು ಅದರ ಜಾಗಕ್ಕೆ ಕಡಿಮೆ ಒತ್ತಡದ ಹೋಸನ್ನು ತರಬಹುದು. ಜೆಟ್ಟನ್ನು, ಅಂದರೆ ಬರ್ನರಿಗೆ ಗ್ಯಾಸ್ ಹೊಮ್ಮಿಸುವ ಸಣ್ಣ ರಂಧ್ರದ ತುಂಡನ್ನು, ಬದಲಿಸಬೇಕಾಗಿಲ್ಲ, ಬರ್ನರಿಗೆ ತಲುಪುವ ಒತ್ತಡ ಮೊದಲಿನಷ್ಟೇ. ಗ್ರಿಲ್ ತಯಾರಿಸಿದವರೇ ಇದಕ್ಕೆ ಕಿಟ್ ಮಾರುತ್ತಿದ್ದರೆ ಅದನ್ನೇ ಕೊಳ್ಳಿ. ಕೈಪಿಡಿಯಲ್ಲಿ ಇಂಥ ಬದಲಾವಣೆ ಕೂಡದೆಂದು ಬರೆದಿದ್ದರೆ ಆ ಮಾತಿಗೆ ಬೆಲೆ ಕೊಡಿ. ಬಿಡಿಭಾಗ ಬದಲಿಸಿದ ಗ್ರಿಲ್ಲಿಗೆ ವಾರಂಟಿಯಾಗಲಿ ಪರೀಕ್ಷೆ ಮಾಡಿ ಕೊಟ್ಟ ಪ್ರಮಾಣಪತ್ರವಾಗಲಿ ಅನ್ವಯಿಸುವುದಿಲ್ಲ.

ತೊಡಕು ಬರುವುದು ಚಿಕ್ಕ ಗ್ರಿಲ್ಲುಗಳಲ್ಲಿ ಬಹಳ ಸಾಮಾನ್ಯವಾಗಿರುವ ಇನ್ನೊಂದು ರಚನೆಯಲ್ಲಿ. ರೆಗ್ಯುಲೇಟರ್, ವಾಲ್ವ್, ನಾಬ್ ಮೂರೂ ಒಂದೇ ಎರಕದ ತುಂಡಿನಲ್ಲಿ ಇರುತ್ತವೆ. ಸಿಲಿಂಡರ್ ಅದಕ್ಕೇ ನೇರವಾಗಿ ತಿರುಗುತ್ತದೆ. ಅದನ್ನು ತೆಗೆದರೆ ನಾಬೂ ಹೋಯಿತು. ಉರಿ ತಗ್ಗಿಸಲು ಏನೂ ಉಳಿಯುವುದಿಲ್ಲವಾದ್ದರಿಂದ ಕೆಲವರು ಹೋಸಿನ ನಡುವೆ ಒಂದು ಬಾಲ್ ವಾಲ್ವ್ ಹಾಕಿ ಅದನ್ನೇ ಅರ್ಧಂಬರ್ಧ ತೆರೆದು ಉರಿ ಹದ ಮಾಡುತ್ತಾರೆ. ಬಾಲ್ ವಾಲ್ವ್ ಇರುವುದು ತೆರೆಯಲು ಅಥವಾ ಮುಚ್ಚಲು; ನಡುವೆ ನಿಲ್ಲಿಸಿದರೆ ಅದರ ಹಿಡಿತ ಹದವಾಗಿ ಸಿಗುವುದಿಲ್ಲ, ಕೈ ತಾಗಿದರೆ ಉರಿ ಆರಿಹೋಗುತ್ತದೆ, ಮತ್ತೆ ಕೈ ತಾಗಿದರೆ ಉರಿಯಿಲ್ಲದ ಗ್ಯಾಸ್ ಹರಿಯುತ್ತದೆ. ಹಾಗೆ ಮಾಡಬೇಡಿ. ಕಡಿಮೆ ಒತ್ತಡಕ್ಕೆಂದೇ ತಯಾರಾದ, ನಾಬ್ ಸಹಿತವಾದ ವಾಲ್ವ್ ನಿಮ್ಮ ಗ್ರಿಲ್ಲಿನ ಮಾದರಿಗೆ ಸಿಗುವುದಾದರೆ ಸರಿ. ಇಲ್ಲದಿದ್ದರೆ ಇಂಥ ಗ್ರಿಲ್ಲಿಗೆ ಮೊದಲನೆಯ ದಾರಿಯೇ ಗತಿ.

ಇನ್ನು ಚೀಟಿಯಲ್ಲಿ ಅಂಗುಲದ ಬದಲು ಪಿಎಸ್‌ಐ ಕಂಡರೆ, ಅದು ಹೆಚ್ಚಿನ ಒತ್ತಡದಲ್ಲಿ ಉರಿಯುವ ಜಾತಿಯದು. ಕ್ಯಾಂಪ್ ಸ್ಟೋವ್‌ಗಳಲ್ಲಿ ಹಲವು ಇದೇ ಗುಂಪಿಗೆ ಸೇರಿದವು. ಅದರ ಜೆಟ್ಟಿನ ರಂಧ್ರ ಬಹಳ ಸಣ್ಣದು. 15 ಪಿಎಸ್‌ಐಗೆ ತಯಾರಾದ ಜೆಟ್ಟಿಗೆ 0.4 ಪಿಎಸ್‌ಐ ಕೊಟ್ಟರೆ ಗ್ಯಾಸಿನ ಹರಿವು ಐದಾರು ಪಟ್ಟು ಕಡಿಮೆಯಾಗುತ್ತದೆ. ಸರಿದೂಗಿಸಲು ರಂಧ್ರದ ವ್ಯಾಸ ಸುಮಾರು ಎರಡೂವರೆ ಪಟ್ಟು ಹಿಗ್ಗಬೇಕು. ಡ್ರಿಲ್ ಬಿಟ್ ತೆಗೆದುಕೊಂಡು ಹಿಗ್ಗಿಸಿದವರೂ ಇದ್ದಾರೆ. ಆದರೆ ಜೆಟ್ಟಿನಿಂದ ರಭಸವಾಗಿ ಹೊಮ್ಮುವ ಗ್ಯಾಸೇ ಪಕ್ಕದ ಗಾಳಿಯನ್ನು ತನ್ನೊಡನೆ ಬರ್ನರಿಗೆ ಎಳೆದುಕೊಂಡು ಹೋಗುವುದು. ಆ ರಭಸ ತಗ್ಗಿದರೆ ಎಷ್ಟೇ ಗ್ಯಾಸ್ ಬಂದರೂ ಸಾಕಷ್ಟು ಗಾಳಿ ಬೆರೆಯದೆ ಉರಿ ಹಳದಿಯಾಗುತ್ತದೆ, ಪಾತ್ರೆ ಮಸಿ ಹಿಡಿಯುತ್ತದೆ. ಅಂಥ ಒಲೆಯನ್ನು ವಾಹನದ ಕ್ವಿಕ್ ಕನೆಕ್ಟ್‌ಗೆ ಜೋಡಿಸುವ ಆಸೆಯನ್ನು ಬಿಡುವುದೇ ಒಳ್ಳೆಯದು.

ಇಷ್ಟರಲ್ಲಿ ನಿಮಗೆ ನಿಜವಾದ ಅಪಾಯ ಎಲ್ಲಿದೆ ಎಂಬುದು ಹೊಳೆದಿರಬಹುದು. ರೆಗ್ಯುಲೇಟರ್ ತೆಗೆದ ಗ್ರಿಲ್, ಅಥವಾ ರೆಗ್ಯುಲೇಟರೇ ಇಲ್ಲದೆ ಕಡಿಮೆ ಒತ್ತಡಕ್ಕೆಂದು ತಯಾರಾದ ಗ್ರಿಲ್, ಯಾವತ್ತೋ ಒಂದು ದಿನ ಟ್ಯಾಂಕಿನ ಪೂರ್ತಿ ಒತ್ತಡಕ್ಕೆ ಜೋಡಣೆಯಾಗುವುದು. ನೀವು ಹಾಗೆ ಮಾಡುವುದಿಲ್ಲ ಎಂದು ನಂಬುತ್ತೇನೆ. ಆದರೆ ಎರಡೂ ಬಗೆಯ ಹೋಸುಗಳು ಒಂದೇ ಪೆಟ್ಟಿಗೆಯಲ್ಲಿ ಸುತ್ತಿಕೊಂಡು ಬಿದ್ದಿದ್ದು, ಎರಡು ವರ್ಷದ ನಂತರ ಮಗನೋ ಸ್ನೇಹಿತನೋ ಅಡಾಪ್ಟರ್ ಹೊಂದಿಕೊಂಡಿತೆಂದು ತಿರುಗಿಸಿಬಿಡಬಹುದು. ಆಗ ಬರ್ನರಿನಿಂದ ಏಳುವುದು ಉರಿಯಲ್ಲ, ಬೆಂಕಿಯ ಕಂಬ. ಆದ್ದರಿಂದ ಎರಡರಲ್ಲಿ ಒಂದು ದಾರಿಯನ್ನು ಆರಿಸಿಕೊಂಡ ಮೇಲೆ ಇನ್ನೊಂದರ ಹೋಸನ್ನು ವಾಹನದಲ್ಲಿ ಇಟ್ಟುಕೊಳ್ಳಲೇಬೇಡಿ. ರೆಗ್ಯುಲೇಟರ್ ತೆಗೆದ ಗ್ರಿಲ್ಲಿನ ಮೇಲೆ, ಅಳಿಸಿಹೋಗದ ಬಣ್ಣದಲ್ಲಿ, ರೆಗ್ಯುಲೇಟರ್ ಇಲ್ಲ, ಸಿಲಿಂಡರಿಗೆ ಜೋಡಿಸಬಾರದು ಎಂದು ಬರೆದಿಡಿ. ಗ್ರಿಲ್ಲನ್ನು ಮಾರುವಾಗಲೂ ಕೊಡುವಾಗಲೂ ಆ ಬರಹ ಅದರ ಜೊತೆಗೇ ಹೋಗಲಿ.

ಕ್ವಿಕ್ ಕನೆಕ್ಟ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಇದರಲ್ಲಿ ಎರಡು ಭಾಗ: ಜಾರುವ ಕಾಲರ್ ಇರುವ ಸಾಕೆಟ್, ಅದರೊಳಗೆ ತೂರುವ ಪ್ಲಗ್. ಬಿಚ್ಚಿದ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇರುವುದು ಸಾಕೆಟ್ಟಿನಲ್ಲಿ. ಆದ್ದರಿಂದ ಸಾಕೆಟ್ ಯಾವಾಗಲೂ ಗ್ಯಾಸ್ ಬರುವ ಕಡೆಗೆ, ಪ್ಲಗ್ ಗ್ಯಾಸ್ ಹೋಗುವ ಕಡೆಗೆ ಇರಬೇಕು. ಅದಲು ಬದಲಾದರೆ ಬಿಚ್ಚಿದಾಗ ಗ್ಯಾಸಿನ ಬಾಯಿ ಬಯಲಿಗೆ ತೆರೆದುಕೊಂಡಿರುತ್ತದೆ. ಒಳ್ಳೆಯ ವಾಹನಗಳಲ್ಲಿ ಸಾಕೆಟ್ಟಿನ ಹಿಂದೆ ಒಂದು ಕೈವಾಲ್ವ್ ಕೂಡ ಇದ್ದು, ಪ್ಲಗ್ ಕೂರದೆ ಅದು ತಿರುಗುವುದಿಲ್ಲ; ಅದು ತೆರೆದಿರುವಾಗ ಪ್ಲಗ್ ಹೊರಬರುವುದಿಲ್ಲ. ನೋಡಲು ಇದೇ ರೀತಿ ಇರುವ ಗಾಳಿಯ ಕಂಪ್ರೆಸರಿನ ಕನೆಕ್ಟರುಗಳನ್ನು ಗ್ಯಾಸಿಗೆ ಬಳಸಬಾರದು. ಸಾಕೆಟ್ಟಿಗೆ ಕೊಟ್ಟಿರುವ ರಬ್ಬರ್ ಟೋಪಿಯನ್ನು ಕಳೆಯಬೇಡಿ. ರಸ್ತೆಯ ಧೂಳು ಒಳಗೆ ಸೇರಿದರೆ ಪ್ಲಗ್ ಸರಿಯಾಗಿ ಕೂರದೆ ಸೋರುತ್ತದೆ.

ಕಡಿಮೆ ಒತ್ತಡದ ಹೋಸಿನ ಒಳಗಣ್ಣು ಅಗಲವಾಗಿರಬೇಕು. ಮೂರು ಎಂಟಾಂಶ ಅಂಗುಲ ಇದ್ದರೆ ಹತ್ತು ಹನ್ನೆರಡು ಅಡಿ ಉದ್ದಕ್ಕೆ ತೊಂದರೆಯಿಲ್ಲ. ಕಾಲು ಅಂಗುಲದ ಹೋಸ್ ಹೆಚ್ಚಿನ ಒತ್ತಡದಲ್ಲಿ ಧಾರಾಳವಾಗಿ ಸಾಕಾಗುತ್ತದೆ, ಆದರೆ 11 ಅಂಗುಲದ ಒತ್ತಡದಲ್ಲಿ ಅಷ್ಟು ಉದ್ದ ಹರಿಯುವಷ್ಟರಲ್ಲಿ ಗ್ಯಾಸ್ ಬಳಲಿಬಿಡುತ್ತದೆ. ಜೋಡಣೆಗಳಲ್ಲಿ ಫ್ಲೇರ್ ಜೋಡಣೆಗೆ (ತುದಿ ಇಳಿಜಾರಾಗಿ ಅರಳಿರುವಂಥದಕ್ಕೆ) ಟೇಪ್ ಸುತ್ತಬಾರದು, ಅಲ್ಲಿ ಲೋಹಕ್ಕೆ ಲೋಹ ಕೂತು ಮುಚ್ಚಿಕೊಳ್ಳಬೇಕು. ಮೊನಚಾಗುತ್ತ ಹೋಗುವ ಪೈಪ್ ಥ್ರೆಡ್‌ಗೆ ಗ್ಯಾಸಿಗೆಂದೇ ಇರುವ ಟೇಪ್ ಅಥವಾ ಪೇಸ್ಟ್ ಬೇಕೇ ಬೇಕು. ಚಿಕ್ಕ ಸಿಲಿಂಡರಿನ ಬಾಯಿಯ ಜೋಡಣೆಯಲ್ಲಿ ಸೋರಿಕೆ ತಡೆಯುವುದು ಒಳಗಿನ ರಬ್ಬರ್ ಉಂಗುರ, ಅದಕ್ಕೆ ಕೈಬಿಗಿತ ಸಾಕು. ಟ್ಯಾಂಕಿನ ವಾಲ್ವಿಗೆ ನೇರ ಸೇರುವ ಪಿಓಎಲ್ ಎಂಬ ಜೋಡಣೆಯ ಥ್ರೆಡ್ ಎಡತಿರುವಿನದು. ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಗಿಯಾಗುತ್ತದೆ. ಇದನ್ನರಿಯದೆ ಸ್ಪ್ಯಾನರ್ ಹಾಕಿ ಬಿಚ್ಚುತ್ತೇನೆಂದು ಬಿಗಿಯುತ್ತ ಕೂತವರನ್ನು ಎಷ್ಟೋ ಸಲ ಕಂಡಿದ್ದೇನೆ. ಟ್ಯಾಂಕಿನ ಬಳಿ ಟೀ ಕೂರಿಸುವ ಕೆಲಸವನ್ನು ಮಾತ್ರ ಗ್ಯಾಸಿನ ಕೆಲಸ ಬಲ್ಲ ಪ್ರಮಾಣಿತ ತಂತ್ರಜ್ಞರಿಂದ ಮಾಡಿಸಿ, ಅದೇ ಹೊತ್ತಿನಲ್ಲಿ ಇಡೀ ವ್ಯವಸ್ಥೆಯ ಸೋರಿಕೆ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ವ್ಯವಸ್ಥೆಯೊಳಗೆ 8 ಅಂಗುಲದ ಒತ್ತಡ ಹಿಡಿದಿಟ್ಟು, ಮೂರು ನಿಮಿಷ ಮಾಪಕದ ಮಟ್ಟ ಕದಲದೆ ನಿಲ್ಲುವುದೇ ಎಂದು ಅವರು ನೋಡುತ್ತಾರೆ.

ನೀವೇ ಮಾಡಬೇಕಾದ ಪರೀಕ್ಷೆ ಸಾಬೂನು ನೀರಿನದು. ಪ್ರತಿ ಬಾರಿ ಹೊಸದಾಗಿ ಜೋಡಿಸಿದಾಗಲೂ, ಗ್ರಿಲ್ಲಿನ ನಾಬ್ ಮುಚ್ಚಿಟ್ಟು, ಗ್ಯಾಸಿನ ವಾಲ್ವನ್ನು ನಿಧಾನವಾಗಿ ತೆರೆಯಿರಿ. ನಿಧಾನವಾಗಿ ಎಂದದ್ದಕ್ಕೆ ಕಾರಣವಿದೆ: ಥಟ್ಟನೆ ತೆರೆದರೆ ಖಾಲಿ ಹೋಸಿಗೆ ನುಗ್ಗುವ ಗ್ಯಾಸಿನ ರಭಸವನ್ನು ಸೋರಿಕೆ ಎಂದು ತಿಳಿದು ಹೆಚ್ಚುವರಿ ಹರಿವನ್ನು ತಡೆಯುವ ಸುರಕ್ಷಾ ವಾಲ್ವ್ ಮುಚ್ಚಿಕೊಳ್ಳಬಹುದು, ಆಗ ಮತ್ತೆ ಉರಿ ಸೊರಗಿದಂತೆ ಕಾಣುತ್ತದೆ. ಆಮೇಲೆ ಬ್ರಷ್ಷಿನಿಂದ ಪ್ರತಿಯೊಂದು ಜೋಡಣೆಗೂ, ಹೋಸಿನ ಎರಡೂ ತುದಿಗಳ ಒತ್ತುಪಟ್ಟಿಗೂ ನೊರೆ ಹಚ್ಚಿ, ಕಣ್ಣು ಕೀಲಿಸಿ ಒಂದು ನಿಮಿಷ ನೋಡಿ. ದೊಡ್ಡ ಸೋರಿಕೆ ಗುಳ್ಳೆಗಳನ್ನು ಊದಿಬಿಡುತ್ತದೆ. ಸಣ್ಣ ಸೋರಿಕೆ ಸಾಸಿವೆಯಂಥ ಗುಳ್ಳೆಗಳ ಬಿಳಿಯ ಗೊಂಚಲನ್ನು ನಿಧಾನವಾಗಿ ಕಟ್ಟುತ್ತದೆ, ಅವಸರದ ಕಣ್ಣಿಗೆ ಬೀಳುವುದಿಲ್ಲ. ಅಮೋನಿಯಾ ಅಥವಾ ಕ್ಲೋರಿನ್ ಬೆರೆತ ಶುಚಿಕಾರಕವನ್ನು ಇದಕ್ಕೆ ಬಳಸಬೇಡಿ, ಹಿತ್ತಾಳೆಯ ಜೋಡಣೆಗಳು ಕಾಲಕ್ರಮದಲ್ಲಿ ಬಿರುಕು ಬಿಡುತ್ತವೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಹಳೆಯ ಅಭ್ಯಾಸದ ಬಗ್ಗೆ ಏನು ಹೇಳಲಿ!

ಗ್ರಿಲ್ಲನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದ ಗ್ಯಾಸ್ ಮೇಲೇರಿ ಚದುರಿಹೋಗದೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 2ಕ್ಕಿಂತ ಸ್ವಲ್ಪ ಹೆಚ್ಚು ಬೆರೆತರೂ ಹೊತ್ತಿಕೊಳ್ಳಬಲ್ಲದು. ವಾಹನದ ಪಕ್ಕೆಯಲ್ಲಿರುವ ಫ್ರಿಜ್ಜಿನ ಜಾಲರಿಯ ಹಿಂದೆ, ಫ್ರಿಜ್ಜು ಗ್ಯಾಸಿನಲ್ಲಿ ನಡೆಯುತ್ತಿದ್ದರೆ, ಒಂದು ಪುಟ್ಟ ಉರಿ ಇರುತ್ತದೆ. ಫರ್ನೇಸ್, ಹೀಟರ್‌ಗಳೂ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಗ್ರಿಲ್ ಇವೆಲ್ಲವುಗಳಿಂದ ದೂರವಿರಲಿ, ತೆರೆದ ಕಿಟಕಿಗಳಿಂದಲೂ ದೂರವಿರಲಿ. ಬಟ್ಟೆಯ ಮೇಲ್ಮರೆಯ ಅಡಿಯಲ್ಲಂತೂ ಬೇಡ. ಕ್ವಿಕ್ ಕನೆಕ್ಟ್ ವಾಹನದ ಪಕ್ಕದಲ್ಲೇ ಇದೆಯೆಂಬ ಕಾರಣಕ್ಕೆ ಗ್ರಿಲ್ಲನ್ನು ಅದರ ಗೋಡೆಗೆ ಒತ್ತಿ ಇಡುವವರಿದ್ದಾರೆ. ತಟ್ಟೆಯ ಹಿಂಬದಿಯಿಂದ ಹೊಮ್ಮುವ ಶಾಖಕ್ಕೆ ಗೋಡೆಯ ಹೊರಪದರ ಉಬ್ಬಿ ಏಳುವುದು ಅಡುಗೆ ಮುಗಿದ ಮೇಲೆಯೇ ಅವರ ಗಮನಕ್ಕೆ ಬರುತ್ತದೆ. ಗೋಡೆಗೆ ಕೂರಿಸುವ ಪಟ್ಟಿಯೊಡನೆ ಬರುವ, ಮೋಟರ್‌ಹೋಮ್‌ಗೆಂದೇ ಪರೀಕ್ಷಿಸಿದ ಗ್ರಿಲ್ಲುಗಳ ಮಾತು ಬೇರೆ. ಸಾಮಾನ್ಯ ಗ್ರಿಲ್ಲುಗಳ ಕೈಪಿಡಿಗಳಲ್ಲಿ ಇದನ್ನು ವಾಹನದ ಮೇಲಾಗಲಿ ಒಳಗಾಗಲಿ ಅಳವಡಿಸಬಾರದು ಎಂಬ ಸಾಲು ಹೆಚ್ಚಾಗಿ ಇದ್ದೇ ಇರುತ್ತದೆ.

ಸರಿಯಾಗಿ ಜೋಡಿಸಿದ ಮೇಲೂ ಉರಿ ಹಳದಿಯಾಗಿದ್ದರೆ, ಅಥವಾ ಬರ್ನರಿನ ಬದಲು ಅದರ ಹಿಂದಿನ ಕೊಳವೆಯಲ್ಲೇ ಬುಸುಗುಟ್ಟಿದರೆ, ಒತ್ತಡವನ್ನು ದೂರುವ ಮೊದಲು ಬರ್ನರಿನ ಬಾಲದಲ್ಲಿರುವ ಗಾಳಿಕಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಕೆಲವು ತಿಂಗಳು ಮೂಲೆಯಲ್ಲಿ ಕೂತ ಗ್ರಿಲ್ಲಿನ ಆ ಕಂಡಿ ಜೇಡಗಳಿಗೆ ಬಹಳ ಪ್ರಿಯವಾದ ಮನೆ. ಒಂದು ಚಿಟಿಕೆಯಷ್ಟು ಬಲೆ ಸಾಕು, ಗಾಳಿ ನಿಲ್ಲುತ್ತದೆ.

ಅಡುಗೆ ಮುಗಿದಾಗ ಮೊದಲು ಟ್ಯಾಂಕಿನ ಅಥವಾ ಕ್ವಿಕ್ ಕನೆಕ್ಟ್ ಹಿಂದಿನ ವಾಲ್ವ್ ಮುಚ್ಚಿ, ಹೋಸಿನಲ್ಲಿ ಉಳಿದ ಗ್ಯಾಸ್ ಉರಿದು ಬೆಂಕಿ ತಾನಾಗಿ ಆರುವ ತನಕ ಕಾದು, ಆಮೇಲೆ ನಾಬ್ ಮುಚ್ಚಿ, ಕೊನೆಯಲ್ಲಿ ಹೋಸ್ ಬಿಚ್ಚಿ. ಪೂರ್ತಿ ಒತ್ತಡದ ಹೋಸಿಗೆ ಈ ಕ್ರಮ ಕಡ್ಡಾಯ. ಇಲ್ಲದಿದ್ದರೆ ಬಿಚ್ಚುವ ಗಳಿಗೆಯಲ್ಲಿ ಹೋಸಿನ ತುಂಬ ನಿಂತ ಗ್ಯಾಸ್ ನಿಮ್ಮ ಕೈಮೇಲೆಯೇ ಹೊಮ್ಮುತ್ತದೆ. ಬಿಚ್ಚದೆ ವಾಹನ ಹೊರಡಿಸುವಂತಿಲ್ಲ.

ನಿಮ್ಮ ವಿಷಯಕ್ಕೆ ನನ್ನ ಅಭಿಪ್ರಾಯ ಇಷ್ಟು. ಈಗಿನ ಗ್ರಿಲ್ಲನ್ನೇ ಇಟ್ಟುಕೊಳ್ಳುವುದಾದರೆ, ಟ್ಯಾಂಕು ನೀವು ಅಡುಗೆ ಮಾಡುವ ಬದಿಯಲ್ಲೇ ಇದ್ದರೆ, ಟೀ ಹಾಕಿಸಿ ಗ್ರಿಲ್ಲನ್ನು ಮುಟ್ಟದೆ ಬಿಡಿ. ಟ್ಯಾಂಕು ಆಚೆ ಬದಿಯಲ್ಲಿದ್ದರೆ, ಕ್ವಿಕ್ ಕನೆಕ್ಟ್‌ಗೆಂದೇ ತಯಾರಾದ ಕಡಿಮೆ ಒತ್ತಡದ ಗ್ರಿಲ್ ಕೊಳ್ಳುವುದು, ಈಗಿನದನ್ನು ತಿದ್ದುವುದಕ್ಕಿಂತ ಮೇಲು. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಗ್ರಿಲ್ ಹೊತ್ತಿಸುವವರಾದರೆ ಇವೆರಡರ ಅಗತ್ಯವೂ ನನಗೆ ಕಾಣುವುದಿಲ್ಲ. ಗಂಟೆಗೆ 9,000 ಬಿಟಿಯು ಉರಿಸುವ ಗ್ರಿಲ್ ಪೂರ್ತಿ ಉರಿಯಲ್ಲಿ ತಿನ್ನುವುದು ಗಂಟೆಗೆ ಸುಮಾರು 190 ಗ್ರಾಂ ಪ್ರೊಪೇನ್. ಒಂದು ಪೌಂಡಿನ ಸಿಲಿಂಡರ್ ಎರಡು ಗಂಟೆಗೂ ಮಿಕ್ಕಿ ಬರುತ್ತದೆ.